ಜಲಜನಕದ ನಳಗಳು: ಕಟ್ಟಳೆಯ ಆಯ್ಕೆ ಮತ್ತು ಬೆಂಕಿಯ ಸಂಸ್ಕಾರ

(ಶ್ರೀಮಠದ ಮಹೋತ್ಸವದ ನಿಮಿತ್ತ ಕಟಕೋಳದಲ್ಲಿ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)

 

ಮಠದ ಉತ್ಸವಗಳಲ್ಲಿ ಷಟ್‌ಸ್ಥಲವನ್ನೋ ಅಷ್ಟಾವರಣವನ್ನೋ ಕುರಿತು ಮಾತಾಡುವುದು ವಾಡಿಕೆಯಾಗಿರುತ್ತದೆ. ಆ ವಿಷಯಗಳಲ್ಲಿ ಅಧಿಕಾರವಾಣಿಯಿಂದ ನುಡಿಯಬಲ್ಲ ಶಾಸ್ತ್ರಿಗಳೂ ಪಂಡಿತರೂ ಈ ಸಭೆಯಲ್ಲಿ ಕುಳಿತಿರುವಾಗ ನಾನು ಆ ಸಾಹಸಕ್ಕೆ ಕೈಯಿಕ್ಕಲಾರೆನು. ಶ್ರೀಗಳವರು ಅಪ್ಪಣೆ ಕೊಡಿಸಿದ್ದೂ ಹಾಗಲ್ಲ. ಯಾರ ಕಾಯಕ ಯಾವುದೋ ಅವರು ಅದನ್ನೇ ಊರ ಜನಕ್ಕೆ ತಿಳಿಯುವಂತೆ ಹೇಳಬೇಕೆಂಬುದು ಅವರ ಅಭಿಪ್ರಾಯವಾಗಿತ್ತು. ನನ್ನ ಕಾಯಕವಾದರೋ ಕಾರಖಾನೆಗಳಲ್ಲಿ ನಳಗಳನ್ನು ಕೂಡಿಸುವುದು. ಅದರಲ್ಲಿಯೂ ಜಲಜನಕವೆಂಬ ವಾಯು ಹರಿಯುವ ನಳಗಳನ್ನು ಕೂಡಿಸುವುದು. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರನ್ನೂ ಮಡಕೆ ಮಾಡುವ ಗುಂಡಯ್ಯನವರನ್ನೂ ಶರಣರೆಂದು ಪೂಜಿಸುವ ಸಮಾಜದ ಮುಂದೆ ನಳದ ಬೆಸುಗೆಯ ಮಾತನ್ನು ಆಡುವುದಕ್ಕೆ ನಾನು ಸಂಕೋಚಪಡಬೇಕಾದ ಕಾರಣವಿಲ್ಲವೆಂದು ಎಣಿಸುತ್ತೇನೆ.

ಇನ್ನೊಂದು ಕಾರಣವೂ ಉಂಟು. ರಾಮದುರ್ಗ, ಸವದತ್ತಿ, ಬೈಲಹೊಂಗಲ ಈ ತಾಲೂಕುಗಳ ಎಷ್ಟೋ ಮನೆಗಳ ಹುಡುಗರು ಇಂದು ಮಂಗಳೂರಿನಲ್ಲಿಯೂ ಬಳ್ಳಾರಿಯ ಕಡೆಗೂ ಪರದೇಶಗಳಲ್ಲಿಯೂ ಫಿಟ್ಟರರೆಂದೂ ವೆಲ್ಡರರೆಂದೂ ದುಡಿಯುತ್ತಿರುವರು. ಮಳೆ ಕೈಕೊಟ್ಟ ವರ್ಷ ಮನೆ ನಡೆಯುವುದು ಅವರ ಹಣದಿಂದ. ಅವರು ಮಾಡುವ ಕೆಲಸದಲ್ಲಿ ಅಪಾಯವಿರುವುದೆಲ್ಲಿ, ಆ ಅಪಾಯವನ್ನು ತಡೆಯುವುದು ಯಾವುದು ಎಂಬುದನ್ನು ಅವರ ತಂದೆತಾಯಿಗಳು ಒಮ್ಮೆಯಾದರೂ ಕೇಳಿರಬೇಕು.

ಜಲಜನಕವು ಎಲ್ಲ ವಸ್ತುಗಳಲ್ಲಿಯೂ ಹಗುರಾದದ್ದು. ಗಾಳಿಯ ಹದಿನಾಲ್ಕನೆಯ ಒಂದು ಪಾಲಿನಷ್ಟು ಮಾತ್ರ ಭಾರವುಳ್ಳದ್ದು. ಇದರಿಂದ ನಮಗೇನಾಗಬೇಕೆಂದು ಕೇಳುವವರು ತಮ್ಮ ಹೊಲವನ್ನೇ ನೋಡಿಕೊಳ್ಳಬಹುದು. ಹತ್ತಿಗೆ, ಗೋವಿನಜೋಳಕ್ಕೆ ನೀವು ಹಾಕುವ ಯೂರಿಯಾ ಗೊಬ್ಬರವು ಅಮೋನಿಯದಿಂದ ಆಗುವುದು. ಆ ಅಮೋನಿಯವು ಗಾಳಿಯಲ್ಲಿಯ ಸಾರಜನಕವೂ ಈ ಜಲಜನಕವೂ ಕೂಡಿ ಆದದ್ದು. ಭಾರತದಲ್ಲಿ ಮೊದಲು ಈ ಬಗೆಯಿಂದ ಅಮೋನಿಯವನ್ನು ಮಾಡಿದ ಕಾರಖಾನೆ ನಮ್ಮ ಕನ್ನಡ ನಾಡಿನದೇ. ಮೈಸೂರಿನ ಸಮೀಪದ ಬೆಳಗೊಳದಲ್ಲಿ 1940ರ ಸುಮಾರಿಗೆ ಅದು ನಡೆದಿತ್ತು. ಆಮೇಲೆ 1976ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಗೊಬ್ಬರದ ದೊಡ್ಡ ಕಾರಖಾನೆ ಆರಂಭವಾಯಿತು. 1996ರಲ್ಲಿ ಅಲ್ಲಿಯೇ ಸಮೀಪದಲ್ಲಿ ಎಣ್ಣೆಯ ಶುದ್ಧೀಕರಣಶಾಲೆ ಬಂದಿತು. ಎಣ್ಣೆಯಲ್ಲಿಯ ಗಂಧಕವನ್ನು ತೆಗೆಯುವುದಕ್ಕೂ ಜಲಜನಕವೇ ಬೇಕು. 2020ನೆಯ ಇಸವಿಯ ಏಪ್ರಿಲ್ ಒಂದರಿಂದ ಡೀಸೆಲ್ಲಿನಲ್ಲಿ ಗಂಧಕವು ಹತ್ತು ಲಕ್ಷಕ್ಕೆ ಹತ್ತು ಪಾಲನ್ನು ಮೀರಕೂಡದೆಂದು ಕಟ್ಟಪ್ಪಣೆಯಾದ ಮೇಲೆ ಇದರ ಅವಶ್ಯಕತೆಯು ಹೆಚ್ಚಿತು. ಇತ್ತ 2023ರ ಜನವರಿ 4ರಂದು ಭಾರತ ಸರಕಾರವು ಹಸಿರು ಜಲಜನಕದ ರಾಷ್ಟ್ರೀಯ ಯೋಜನೆಗೆ ಒಪ್ಪಿಗೆ ಕೊಟ್ಟು 19,744 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕವನ್ನು ಈ ದೇಶದಲ್ಲಿ ಮಾಡಬೇಕೆಂಬುದು ಅದರ ಸಂಕಲ್ಪ. ಇಷ್ಟು ವಾಯು ನಡೆದಾಡುವುದು ನಳಗಳಲ್ಲಿಯೇ ಅಲ್ಲವೆ?

ಈ ಹಗುರಾದ ವಾಯುವು ಕಬ್ಬಿಣಕ್ಕೆ ಮಾಡುವ ಕೇಡು ವಿಚಿತ್ರವಾದದ್ದು. ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸಿದರೆ ಕಣ್ಣಿಗೆ ಕಾಣುತ್ತದೆ, ಕೆರೆದು ಬಣ್ಣ ಬಳಿಯಬಹುದು. ಜಲಜನಕದ ಕೇಡು ತೊಲೆಯೊಳಗೆ ಹೊಕ್ಕ ಗೆದ್ದಲಿನಂಥದು. ಹೊರಗೆ ಎಲ್ಲವೂ ನೆಟ್ಟಗಿರುವಂತೆಯೇ ತೋರುವುದು. ಈ ಕೇಡಿನಲ್ಲಿ ಎರಡು ಬಗೆಗಳುಂಟು. ನಳವು ತಣ್ಣಗಿರುವಾಗ ಜಲಜನಕದ ಅಣುವು ಉಕ್ಕಿನ ಮೈಮೇಲೆ ಒಡೆದು ಪರಮಾಣುವಾಗಿ ಒಳಗೆ ನುಸುಳುತ್ತದೆ. ಉಕ್ಕು ಬಾಗುವ ಗುಣವನ್ನು ಕಳೆದುಕೊಂಡು ಪೆಡಸಾಗುತ್ತದೆ. ಎಲ್ಲಿಯಾದರೂ ಸಣ್ಣ ಬಿರುಕು ಇದ್ದರೆ, ಒತ್ತಡವು ಏರಿಳಿದಂತೆಲ್ಲ ಆ ಬಿರುಕು ಬೇಗ ಬೇಗ ಬೆಳೆಯುತ್ತದೆ. ಉಕ್ಕು ಎಷ್ಟು ಗಡುಸೋ ಅಷ್ಟು ಹೆಚ್ಚು ಈ ಬಾಧೆ. ಇದನ್ನು 1875ರಷ್ಟು ಹಿಂದೆಯೇ ಇಂಗ್ಲಂಡದ ಜಾನ್ಸನ್ ಎಂಬವರು ರಾಯಲ್ ಸೊಸಾಯಿಟಿಯ ಮುಂದೆ ವಿವರಿಸಿರುವರು. ಎರಡನೆಯ ಬಗೆ ಕಾದ ನಳದ್ದು. ಉಷ್ಣಮಾನವು ಸುಮಾರು 200 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿ, ಒತ್ತಡವೂ ಹೆಚ್ಚಾಗಿದ್ದರೆ, ಒಳಹೊಕ್ಕ ಜಲಜನಕವು ಉಕ್ಕಿನಲ್ಲಿಯ ಇಂಗಾಲವನ್ನು ಕೂಡಿಕೊಂಡು ಮೀಥೇನ್ ಎಂಬ ವಾಯುವಾಗುತ್ತದೆ. ಈ ಮೀಥೇನಿನ ಅಣುವು ದೊಡ್ಡದು. ಬಂದ ದಾರಿಯಿಂದ ಹೊರಗೆ ಹೋಗಲಾರದು. ಒಳಗೇ ಕುಳಿತು ಒತ್ತಿ ಒತ್ತಿ ಉಕ್ಕಿನ ಕಣಗಳ ನಡುವೆ ಸೀಳುಗಳನ್ನು ಮಾಡುವುದು. ಉಕ್ಕಿಗೆ ಬಲ ಕೊಡುವ ಇಂಗಾಲವೂ ಹೋಯಿತು, ಮೈಯೂ ಬಿರಿಯಿತು.

ಈ ಎರಡನೆಯ ಬಗೆಯ ಪೆಟ್ಟನ್ನು ಮೊದಲು ತಿಂದವರಲ್ಲಿ ಜರ್ಮನಿಯ ಕಾರ್ಲ್ ಬಾಷ್ ಎಂಬ ಇಂಜಿನಿಯರರು ಪ್ರಸಿದ್ಧರು. ಅಮೋನಿಯವನ್ನು ಮಾಡುವುದಕ್ಕೆ ಅವರು ಕಟ್ಟಿಸಿದ ಉಕ್ಕಿನ ಕೊಳವೆಗಳು ಸುಮಾರು 80 ಗಂಟೆಗಳಲ್ಲಿ ಸಿಡಿದುಹೋದವು. ಅವರು ತುಂಡುಗಳನ್ನು ಕೊಯ್ದು ನೋಡಿದರು. ಉಕ್ಕಿನ ಒಳಮೈಯಲ್ಲಿ ಇಂಗಾಲವೇ ಉಳಿದಿರಲಿಲ್ಲ. ಆಮೇಲೆ ಅವರು ಹೂಡಿದ ಉಪಾಯವು ಬಹು ಸೊಗಸಾದದ್ದು. ಇಂಗಾಲವಿಲ್ಲದ ಮೆದು ಕಬ್ಬಿಣದ ಅಂಗಿಯನ್ನು ಒಳಗೆ ತೊಡಿಸಿದರು. ಹೊರಗಿನ ಗಟ್ಟಿ ಉಕ್ಕಿನ ಗೋಡೆಗೆ ಸಣ್ಣ ಸಣ್ಣ ತೂತುಗಳನ್ನು ಕೊರೆಸಿದರು. ಅಂಗಿಯನ್ನು ನುಸುಳಿ ಬಂದ ಜಲಜನಕವು ಗಟ್ಟಿ ಉಕ್ಕನ್ನು ಹೊಗುವ ಮೊದಲೇ ತೂತುಗಳಿಂದ ಹೊರಟುಹೋಗುವುದು. ವೈರಿಯನ್ನು ತಡೆಯದೆ, ಅವನಿಗೆ ಬಾಗಿಲು ತೆರೆದುಕೊಟ್ಟು ಸಾಗಹಾಕಿದಂತೆ! ಅವರಿಗೆ 1931ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇಂದು ಪ್ರತಿಯೊಬ್ಬನೂ ಬಾಷರಂತೆ ಸಿಡಿಸಿ ಕಲಿಯಬೇಕಾಗಿಲ್ಲ. ಹಿಂದೆ ಸಿಡಿದವುಗಳ ಅನುಭವವನ್ನೆಲ್ಲ ಒಟ್ಟುಗೂಡಿಸಿ ಬರೆದಿಟ್ಟ ಕಟ್ಟಳೆಗಳಿರುವವು. ಇವಕ್ಕೆ ಕೋಡ್ ಎಂದು ಹೆಸರು. ಅಮೇರಿಕೆಯ ಯಂತ್ರಶಿಲ್ಪಿಗಳ ಸಂಘವು, ಅಂದರೆ ಎ.ಎಸ್.ಎಂ.ಇ.ಯು, ಪ್ರಕಟಿಸುವ ಬಿ 31.3 ಎಂಬುದು ಕಾರಖಾನೆಯೊಳಗಿನ ನಳಗಳಿಗೆ ಸಾಮಾನ್ಯವಾದ ಕಟ್ಟಳೆ. ನಮ್ಮ ದೇಶದಲ್ಲಿಯೂ ಶುದ್ಧೀಕರಣಶಾಲೆಗಳವರು ಬಹುತೇಕ ಇದನ್ನೇ ಅನುಸರಿಸುವರು. ಜಲಜನಕಕ್ಕೆಂದೇ ಬೇರೆಯಾಗಿ ಬಿ 31.12 ಎಂಬ ಕಟ್ಟಳೆಯು 2008ರಲ್ಲಿ ಹೊರಟಿತು. ಅದರಲ್ಲಿ ಕಾರಖಾನೆಯ ನಳಗಳಿಗೆ ಒಂದು ಭಾಗ, ಊರಿಂದೂರಿಗೆ ಹೋಗುವ ದೂರದ ನಳಗಳಿಗೆ ಇನ್ನೊಂದು ಭಾಗ. ಇವೆರಡರ ಹೊರತು ಅಮೇರಿಕೆಯ ಪೆಟ್ರೋಲಿಯಂ ಸಂಸ್ಥೆಯ 941 ಎಂಬ ಪುಸ್ತಕವೊಂದು. ಅದು ಕಾದ ಜಲಜನಕಕ್ಕೆ ಯಾವ ಉಕ್ಕು ತಾಳುವುದೆಂಬುದನ್ನು ನಕ್ಷೆಯ ಗೆರೆಗಳಿಂದ ತೋರಿಸುವುದು. ಆ ಗೆರೆಗಳನ್ನು ಮೊದಲು 1949ರಲ್ಲಿ ಎಳೆದ ನೆಲ್ಸನ್ ಎಂಬವರ ಹೆಸರಿನಿಂದಲೇ ಅವನ್ನು ಕರೆಯುವರು. ಗೆರೆಯ ಕೆಳಗೆ ಇದ್ದರೆ ಕ್ಷೇಮ, ಮೇಲೆ ಹೋದರೆ ಅಪಾಯ. ಜಲಜನಕದ ಘಟಕದಲ್ಲಿ ಉಗಿಯ ನಳಗಳೂ ಇರುತ್ತವೆ; ಅವುಗಳಿಗೆ ನಮ್ಮ ದೇಶದ ಬಾಯ್ಲರ್ ಕಾಯಿದೆ ಅನ್ವಯಿಸುವುದು. ಒಂದೇ ಅಂಗಳದಲ್ಲಿ ಹತ್ತು ಮಾರಿನ ಅಂತರದಲ್ಲಿ ಎರಡು ಮೂರು ಕಟ್ಟಳೆಗಳು ನಡೆಯುವುದುಂಟು.

ಹಾಗಾದರೆ ಯಾವುದನ್ನು ಆರಿಸಬೇಕು? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಬಿ 31.3 ಎಲ್ಲ ದ್ರವ ವಾಯುಗಳಿಗೂ ಸಾಮಾನ್ಯವಾದದ್ದರಿಂದ ಅದು ಜಲಜನಕದ ಸ್ವಭಾವವನ್ನು ವಿಶೇಷವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಹೊಣೆಯನ್ನು ಯೋಜಿಸುವವನ ಮೇಲೆ ಬಿಡುತ್ತದೆ. ಬಿ 31.12 ತಾನೇ ಹಿಡಿಯುತ್ತದೆ. ಅದರಲ್ಲಿ ಉಕ್ಕಿನ ಬಲವನ್ನು ಕುಗ್ಗಿಸಿ ಎಣಿಸುವ ಒಂದು ಗುಣಕವುಂಟು. ಉಕ್ಕು ಹೆಚ್ಚು ಬಲವುಳ್ಳದ್ದಾದಂತೆಯೂ ಒತ್ತಡ ಏರಿದಂತೆಯೂ ಆ ಗುಣಕವು ಇಳಿಯುತ್ತ ಹೋಗುವುದು. ಇಲ್ಲಿ ಹೊಸಬರಿಗೆ ಆಶ್ಚರ್ಯವಾಗುವುದು. ಬಲವಾದ ಉಕ್ಕನ್ನು ಕೊಂಡರೆ ನಳ ತೆಳ್ಳಗಾಗಿ ಹಣ ಉಳಿಯುವುದೆಂದು ವ್ಯಾಪಾರಸ್ಥರು ಹೇಳುವರು. ನೀರಿಗೆ ಅದು ನಿಜ, ಜಲಜನಕಕ್ಕೆ ಅಲ್ಲ. ಇಲ್ಲಿ ಮೆದುವಾದ ಸಾಧು ಉಕ್ಕೇ ಹಿರಿಯದು.

ಲೆಕ್ಕವನ್ನು ಒಂದು ಉದಾಹರಣೆಯಿಂದ ತೋರಿಸುವೆನು. ಶಾಲೆಯ ಮಕ್ಕಳು ಸಹ ಮಾಡಬಹುದಾದದ್ದು. ಪೇಟೆಯಲ್ಲಿ ಆರು ಇಂಚಿನದೆಂದು ಕರೆಯುವ ನಳದ ಹೊರವ್ಯಾಸ 168.3 ಮಿಲಿಮೀಟರ್. ಒಳಗಿನ ಒತ್ತಡ 100 ಬಾರ್, ಎಂದರೆ 10 ಮೆಗಾಪಾಸ್ಕಲ್ ಇರಲಿ. ಸಾಧಾರಣ ಇಂಗಾಲದ ಉಕ್ಕಿಗೆ, ಅದು ಕಾದಿಲ್ಲದಿರುವಾಗ, ಕಟ್ಟಳೆಯು ಒಪ್ಪುವ ಬಲ ಸುಮಾರು 138 ಮೆಗಾಪಾಸ್ಕಲ್. ಒತ್ತಡವನ್ನು ವ್ಯಾಸದಿಂದ ಗುಣಿಸಿದರೆ 1683, ಬಲಕ್ಕೆ ಒತ್ತಡದ ಹತ್ತರಲ್ಲಿ ನಾಲ್ಕು ಪಾಲು ಕೂಡಿಸಿ ಇಮ್ಮಡಿಸಿದರೆ 284, ಭಾಗಿಸಿದರೆ 5.93 ಮಿಲಿಮೀಟರ್ ದಪ್ಪ ಬರುತ್ತದೆ. ಸವಕಳಿಗೆಂದು ಒಂದೂವರೆ ಕೂಡಿಸಿದರೆ 7.43. ನಳ ಮಾಡುವವರು ಹೇಳಿದ ದಪ್ಪಕ್ಕಿಂತ ನೂರಕ್ಕೆ ಹನ್ನೆರಡೂವರೆ ಕಡಿಮೆಯಾದರೂ ಪೇಟೆಯ ನಿಯಮವು ಒಪ್ಪುವುದರಿಂದ ಆ ಕೊರತೆಯನ್ನೂ ತುಂಬಿದರೆ 8.49. ಪೇಟೆಯಲ್ಲಿ ಸಿಗುವ ಷೆಡ್ಯೂಲ್ 40ರ ನಳವು 7.11 ಮಾತ್ರ, ಅದು ಸಾಲದು. ಅದಕ್ಕೂ ದಪ್ಪನಾದ ಷೆಡ್ಯೂಲ್ 80, ಎಂದರೆ 10.97 ಮಿಲಿಮೀಟರಿನದನ್ನು ತರಬೇಕು.

ಈಗ ಸೂಕ್ಷ್ಮವಾದ ಸಂಗತಿ. ಬೆಸೆದ ಮೇಲೆ ಬೆಂಕಿಯ ಸಂಸ್ಕಾರ ಕೊಡಬೇಕೋ ಬೇಡವೋ ಎಂಬುದಕ್ಕೆ ಬಿ 31.3 ಮುಖ್ಯವಾಗಿ ದಪ್ಪವನ್ನು ನೋಡುತ್ತದೆ. ಸಾಮಾನ್ಯ ಇಂಗಾಲದ ಉಕ್ಕಿಗೆ ಬಹುಕಾಲ ಸುಮಾರು 19 ಮಿಲಿಮೀಟರಿನ ಗೆರೆಯಿತ್ತು. ಈಚಿನ ಆವೃತ್ತಿಗಳಲ್ಲಿ, ಬೆಸೆಯುವ ಮೊದಲು ನಳವನ್ನು ಚೆನ್ನಾಗಿ ಕಾಸಿದರೆ ಅದಕ್ಕಿಂತ ದಪ್ಪದವುಗಳಿಗೂ ಸಡಿಲಿಕೆ ದೊರೆಯುವುದುಂಟು. ನಮ್ಮ ನಳವು 11ನ್ನೂ ಮುಟ್ಟಲಿಲ್ಲ. ಆದುದರಿಂದ ಅಕ್ಷರಶಃ ಓದಿದರೆ ಸಂಸ್ಕಾರವೇ ಬೇಡ. ಗುತ್ತಿಗೆದಾರನು ಈ ಸಾಲಿನ ಮೇಲೆ ಬೆರಳಿಟ್ಟು ತೋರಿಸುವನು. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಕಟ್ಟಳೆ ಎಂಬುದು ಕನಿಷ್ಠದ ಮಾತು. ಇದಕ್ಕಿಂತ ಕೆಳಗೆ ಇಳಿಯಕೂಡದೆಂದು ಹೇಳುವುದೇ ಹೊರತು ಇಷ್ಟೇ ಸಾಕೆಂದು ಅದು ಎಲ್ಲಿಯೂ ಹೇಳುವುದಿಲ್ಲ.

ಬೆಂಕಿಯ ಸಂಸ್ಕಾರ ಯಾಕೆ ಬೇಕೆಂಬುದನ್ನು ನಮ್ಮ ಕಮ್ಮಾರರು ಇಂಜಿನಿಯರರಿಗಿಂತ ಮುಂಚೆಯೇ ಬಲ್ಲರು. ಗೊಡಚಿಯ ಜಾತ್ರೆಗೆ ಹೋಗುವ ಬಂಡಿಯ ಗಾಲಿಗೆ ಕಬ್ಬಿಣದ ಹಳಿ ತೊಡಿಸುವುದನ್ನು ನೀವು ಕಂಡಿರುವಿರಿ. ಹಳಿಯನ್ನು ಕೆಂಪಗೆ ಕಾಸಿ ಗಾಲಿಗೆ ಏರಿಸಿ ನೀರು ಹೊಯ್ದರೆ ಅದು ಕುಗ್ಗಿ ಕಟ್ಟಿಗೆಯನ್ನು ಬಿಗಿಯಾಗಿ ಹಿಡಿಯುವುದು. ಹೊರಗೆ ಏನೂ ಕಾಣದಿದ್ದರೂ ಆ ಹಳಿಯೊಳಗೆ ಸದಾ ಒಂದು ಸೆಳೆತವಿರುತ್ತದೆ. ಗಾಲಿಗೆ ಆ ಸೆಳೆತವು ಮಿತ್ರ. ನಳದ ಬೆಸುಗೆಯಲ್ಲಿಯೂ ಕರಗಿದ ಲೋಹವು ಆರುವಾಗ ಹಾಗೆಯೇ ಕುಗ್ಗುತ್ತದೆ, ಸುತ್ತಲಿನ ಗಟ್ಟಿ ಲೋಹವು ಬಿಡಲೊಲ್ಲದು; ಉಳಿದ ಸೆಳೆತವು ಉಕ್ಕಿನ ಪೂರ್ಣಬಲದ ಸಮೀಪಕ್ಕೂ ಏರಬಹುದು. ಇಲ್ಲಿ ಅದು ಶತ್ರು. ಇನ್ನು ಕುಡಗೋಲಿನ ಮಾತು. ಕಾಸಿ ನೀರಿಗೆ ಅದ್ದಿದ ಅಲಗು ಗಾಜಿನಂತೆ ಪೆಡಸಾಗುವುದು. ಮತ್ತೆ ಎಳೆಬೆಂಕಿಯಲ್ಲಿ ಹಿಡಿದು ಹದ ತರದಿದ್ದರೆ ಮೊದಲನೆಯ ಸುಗ್ಗಿಯಲ್ಲಿಯೇ ಮುರಿಯುವುದು. ಬೆಸುಗೆಯ ಪಕ್ಕದ ಉಕ್ಕು ಹೀಗೆಯೇ ತಟ್ಟನೆ ಕಾದು ತಟ್ಟನೆ ಆರಿ ಗಡುಸಾಗಿರುವುದು. ಸೆಳೆತವೂ ಗಡುಸೂ ಒಂದೆಡೆ ಕೂಡಿದಲ್ಲಿ ಜಲಜನಕವು ಬಂದು ಕೂಡುವುದು.

ಆದುದರಿಂದ ಬೆಸೆದ ಕೀಲಿನ ಸುತ್ತ ವಿದ್ಯುತ್ತಿನಿಂದ ಕಾಯುವ ಪಿಂಗಾಣಿ ಮಣಿಗಳ ಪಟ್ಟಿಯನ್ನು ಸುತ್ತಿ, ಮೇಲೆ ಉಣ್ಣೆಯಂಥ ಹೊದಿಕೆ ಹೊದಿಸಿ, ಉಷ್ಣಮಾನವನ್ನು ತಿಳಿಸುವ ತಂತಿಗಳನ್ನು ನಳದ ಮೈಗೆ ಅಂಟಿಸಿ, ನಿಧಾನವಾಗಿ ಕಾಸುವರು. ಸಾಮಾನ್ಯ ಇಂಗಾಲದ ಉಕ್ಕಿಗೆ 595ರಿಂದ 650 ಡಿಗ್ರಿ. ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆಯಂತೆ ಅಲ್ಲಿಯೇ ನಿಲ್ಲಿಸಿ, ಆಮೇಲೆ ಅಷ್ಟೇ ನಿಧಾನವಾಗಿ ಆರಿಸುವರು. ಕ್ರೋಮಿಯಂ ಮಾಲಿಬ್ಡಿನಂ ಬೆರೆತ ಉಕ್ಕಿಗೆ ಇನ್ನೂ ಹೆಚ್ಚು ಕಾವು ಬೇಕು. ಈ ಎರಡು ಲೋಹಗಳು ಇಂಗಾಲವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಜಲಜನಕದ ಕೈಗೆ ಸಿಗದಂತೆ ಮಾಡುವವು. ಆದುದರಿಂದಲೇ ಕಾದ ಜಲಜನಕಕ್ಕೆ ಅಂಥ ಉಕ್ಕನ್ನು ಬಳಸುವುದು. ಆದರೆ ಬೆಸೆದಾಗ ಹೆಚ್ಚು ಗಡುಸಾಗುವುದೂ ಅದೇ ಉಕ್ಕು. ಸಂಸ್ಕಾರವಿಲ್ಲದೆ ಅದರ ಗುಣವೆಲ್ಲ ವ್ಯರ್ಥ. ಕೊನೆಗೆ ಗಡುಸುತನವನ್ನು ಅಳೆಯತಕ್ಕದ್ದು. ಶುದ್ಧೀಕರಣಶಾಲೆಗಳ ವಾಡಿಕೆಯಲ್ಲಿ ಇಂಗಾಲದ ಉಕ್ಕಿನ ಬೆಸುಗೆಯು ಬ್ರಿನೆಲ್ ಮಾಪಕದಲ್ಲಿ 200ನ್ನೂ, ಒಂದೂಕಾಲು ಪಾಲು ಕ್ರೋಮಿಯಂ ಇರುವುದು 225ನ್ನೂ ಮೀರಕೂಡದು. ಹಳೆಯ ಜಲಜನಕದ ನಳವನ್ನು ದುರಸ್ತಿ ಮಾಡುವಾಗ ಇನ್ನೊಂದು ಎಚ್ಚರ ಬೇಕು. ಒಳಗೆ ನೆಲಸಿದ ಜಲಜನಕವನ್ನು ಹಲವು ಗಂಟೆಗಳ ಹೊತ್ತು ಮಂದ ಕಾವಿನಲ್ಲಿ ಬಿಡಿಸದೆ ಬೆಸೆದರೆ ಹೊಸ ಬೆಸುಗೆಯೇ ಬಿರಿಯುವುದು.

ಇದೆಲ್ಲ ಪುಸ್ತಕದ ಮಾತೆನ್ನುವವರಿಗಾಗಿ ಅಮೇರಿಕೆಯ ಒಂದು ದುರಂತವನ್ನು ಹೇಳಬೇಕಾಗಿದೆ. ವಾಷಿಂಗ್ಟನ್ ಸಂಸ್ಥಾನದ ಅನಕಾರ್ಟಿಸ್ ಎಂಬಲ್ಲಿ ಟೆಸೋರೋ ಕಂಪನಿಯ ಶುದ್ಧೀಕರಣಶಾಲೆ. 2010ನೆಯ ಇಸವಿಯ ಏಪ್ರಿಲ್ 2ರ ನಡುರಾತ್ರಿಯ ಮೇಲೆ ಅಲ್ಲಿಯ ಉಷ್ಣವಿನಿಮಯದ ಪಾತ್ರೆಯೊಂದು ಬೆಸುಗೆಯ ಬಳಿಯಲ್ಲಿ ಸೀಳಿತು. ಕಾದ ಜಲಜನಕವೂ ನಾಫ್ತಾ ಎಣ್ಣೆಯೂ ಹೊರಗೆ ನುಗ್ಗಿ ಹೊತ್ತಿಕೊಂಡು ಏಳು ಜನ ಕೆಲಸಗಾರರು ತೀರಿಕೊಂಡರು. ಅದು ಪಾತ್ರೆಯೇ ಹೊರತು ನಳವಲ್ಲ. ಆದರೆ ಉಕ್ಕು ಅದೇ, ವಾಯು ಅದೇ, ಬೆಸುಗೆಯೂ ಅದೇ. 1972ರಲ್ಲಿ ಇಂಗಾಲದ ಉಕ್ಕಿನಿಂದ ಮಾಡಿದ ಆ ಪಾತ್ರೆಯ ಬೆಸುಗೆಗೆ ಬೆಂಕಿಯ ಸಂಸ್ಕಾರವಾಗಿರಲಿಲ್ಲ. ಸರಕಾರದ ರಾಸಾಯನಿಕ ಸುರಕ್ಷಾ ಮಂಡಲಿಯು 2014ರಲ್ಲಿ ವರದಿಯನ್ನು ಕೊಟ್ಟಿತು. ಅದರಲ್ಲಿ ಎದೆ ನಡುಗಿಸುವ ಅಂಶ ಯಾವುದೆಂದರೆ, ಆ ಪಾತ್ರೆಯ ಸೀಳಿದ ಭಾಗವು ನೆಲ್ಸನ್ ಗೆರೆಯ ಕೆಳಗೆ, ಕ್ಷೇಮವೆಂದು ಎಲ್ಲರೂ ನಂಬಿದ ಕಡೆಯಲ್ಲಿಯೇ ಕೆಲಸ ಮಾಡುತ್ತಿತ್ತೆಂದು ಮಂಡಲಿಯು ಎಣಿಸಿತು. ತರುವಾಯ 2016ರ ಆವೃತ್ತಿಯಲ್ಲಿ, ಬೆಸೆದು ಸಂಸ್ಕಾರ ಕೊಡದ ಇಂಗಾಲದ ಉಕ್ಕಿಗೆಂದು ಕೆಳಗಡೆ ಬೇರೊಂದು ಗೆರೆಯನ್ನು ಎಳೆದರು. ಆ ಒಂದು ಗೆರೆಗೆ ಏಳು ಮನೆಗಳ ದೀಪ ಆರಬೇಕಾಯಿತು.

ನನ್ನ ಅನುಭವದಲ್ಲಿಯ ಒಂದು ಪ್ರಸಂಗ. ಕಾರಖಾನೆಯ ಹೆಸರು ಇಲ್ಲಿ ಬೇಡ. ಕ್ರೋಮಿಯಂ ಉಕ್ಕಿನ ಹದಿನೆಂಟು ಕೀಲುಗಳಿಗೆ ಸಂಸ್ಕಾರವಾಯಿತೆಂದು ಗುತ್ತಿಗೆದಾರನು ಹದಿನೆಂಟು ಉಷ್ಣಮಾನದ ಪಟಗಳನ್ನು ಒಪ್ಪಿಸಿದನು. ಎಲ್ಲವೂ ಚಿತ್ರ ಬರೆದಂತೆ ಸರಿಯಾಗಿದ್ದವು. ನಮ್ಮ ಕೈಕೆಳಗೆ ಸವದತ್ತಿ ತಾಲೂಕಿನ ಒಬ್ಬ ತರುಣನಿದ್ದನು; ಡಿಪ್ಲೋಮಾ ಮುಗಿಸಿ ಎರಡು ವರ್ಷವಾಗಿತ್ತು. ಅವನು ಸಂಜೆ ಎರಡು ಪಟಗಳನ್ನು ಬೆಳಕಿಗೆ ಒಂದರ ಮೇಲೊಂದು ಹಿಡಿದು ತೋರಿಸಿ, “ಸಾಹೇಬರ, ಎರಡೂ ಕೀಲಿಗೆ ಅದೇ ನಿಮಿಷಕ್ಕ ಕರೆಂಟು ಕುಂದ್ಯಾವ ನೋಡ್ರಿ” ಎಂದನು. ಗೆರೆಯಲ್ಲಿಯ ಸಣ್ಣ ತಗ್ಗು ಎರಡರಲ್ಲಿಯೂ ಒಂದೇ ಸ್ಥಳದಲ್ಲಿತ್ತು. ಉಳಿದವುಗಳನ್ನು ನೋಡಲಾಗಿ ನಾಲ್ಕು ಪಟಗಳು ಒಂದೇ ಪಟದ ನಕಲುಗಳೆಂದು ತಿಳಿದುಬಂದಿತು. ಗಡುಸುತನ ಅಳೆಸಿದೆವು, ಆ ಕೀಲುಗಳಲ್ಲಿ ಮೂರು 225ನ್ನು ಬಹಳವಾಗಿ ಮೀರಿದ್ದವು. ಕೆಲಸ ಹನ್ನೊಂದು ದಿವಸ ನಿಂತಿತು. ಗುತ್ತಿಗೆದಾರನು ಆ ಹುಡುಗನನ್ನು ಆಸೆಯಿಂದಲೂ ಬೆದರಿಕೆಯಿಂದಲೂ ಮಾತಾಡಿಸಿ ನೋಡಿದನಂತೆ. ಅವನು ಜಗ್ಗಲಿಲ್ಲ. ಎಲ್ಲ ಹದಿನೆಂಟನ್ನೂ ಎದುರಿಗೆ ನಿಂತು ಮತ್ತೆ ಕಾಸಿಸಿದೆವು. ಯಾರೂ ಅವನಿಗೆ ಹಾರ ಹಾಕಲಿಲ್ಲ. ಆ ನಳವು ಇಂದಿಗೂ ನಡೆಯುತ್ತಿದೆ, ಅದರ ಕೆಳಗೆ ದಿನಾಲು ಜನ ಓಡಾಡುವರು.

ಕಟ್ಟಳೆಯ ಆಯ್ಕೆಯಲ್ಲಿ ನನಗೆ ಸರಿದೋರುವ ಕ್ರಮವನ್ನು ತರುಣರಿಗಾಗಿ ಹೇಳಿಬಿಡುವೆನು. ನಳವನ್ನು ಕೊಳ್ಳುವ ಮೊದಲೇ ಯಾವ ಕಟ್ಟಳೆ, ಅದರ ಯಾವ ವರ್ಷದ ಆವೃತ್ತಿ ಎಂಬುದನ್ನು ಒಡೆಯನು ಬರೆದು ಕೊಡಬೇಕು. ಬಿ 31.3 ಹಿಡಿದರೆ ಪೂರ್ತಿ ಹಿಡಿಯಬೇಕು, ಜಲಜನಕಕ್ಕೆ ಬೇಕಾದ ಹೆಚ್ಚಿನ ನಿರ್ಬಂಧಗಳನ್ನು ಅದರ ಮೇಲೆ ಬರೆದು ಕೂಡಿಸಬೇಕು. ಬಿ 31.12 ಹಿಡಿದರೂ ಹಾಗೆಯೇ. ಒಂದರಿಂದ ದಪ್ಪದ ಸಡಿಲಿಕೆ, ಇನ್ನೊಂದರಿಂದ ಸಂಸ್ಕಾರದ ಸಡಿಲಿಕೆ ಎಂದು ಎರಡೂ ತಾಟಿನಿಂದ ಸಿಹಿಯನ್ನೇ ಆರಿಸುವವರಿರುವರು. ಅದು ಕಟ್ಟಳೆಯಲ್ಲ, ಚೌಕಾಸಿ. ಕಾದ ಜಲಜನಕವಿದ್ದಲ್ಲಿ ದಪ್ಪ ಎಷ್ಟೇ ಇರಲಿ ಸಂಸ್ಕಾರವನ್ನು ಬರೆದಿಡುವುದೇ ಲೇಸು. ತಣ್ಣನೆಯ, ಕಡಿಮೆ ಒತ್ತಡದ, ಮೆದು ಉಕ್ಕಿನ ತೆಳು ನಳಕ್ಕೆ ಅದು ಬೇಕಿಲ್ಲದಿರಬಹುದು; ಅಲ್ಲಿ ಗಡುಸುತನವನ್ನು ಅಳೆದು ತೃಪ್ತಿಪಡಬಹುದು. ಎಲ್ಲದಕ್ಕೂ ಬೆಂಕಿ ಇಡುವುದು ಸಹ ಬುದ್ಧಿವಂತಿಕೆಯಲ್ಲ. ಕೆಟ್ಟ ರೀತಿಯಿಂದ ಕಾಸಿದ ಕೀಲು ಕಾಸದ ಕೀಲಿಗಿಂತ ಕೇಡು ಮಾಡಬಲ್ಲದು.

ನಿನ್ನೆ ಪ್ರಸಾದಕ್ಕೆ ಕುಳಿತಾಗ ಹಿರಿಯರೊಬ್ಬರು, ನಾಳೆ ನಮ್ಮ ಹೊಲದೊಳಗೆ ಜಲಜನಕದ ನಳ ಹಾಯ್ದರೆ ಗತಿಯೇನೆಂದು ಕೇಳಿದರು. ಈಗ ನಮ್ಮ ಸೀಮೆಯಲ್ಲಿ ಅಂಥದೇನೂ ಇಲ್ಲ. ಆದರೂ ಪ್ರಶ್ನೆ ಯೋಗ್ಯವಾದದ್ದು. ಜಲಜನಕವು ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲಿನವರೆಗೆ ಬೆರೆತಾಗಲೆಲ್ಲ ಹೊತ್ತಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊತ್ತಿದ ಉರಿಯೂ ಹಗಲಲ್ಲಿ ಕಣ್ಣಿಗೆ ಕಾಣಿಸದು. ಒಳ್ಳೆಯ ಗುಣವೆಂದರೆ, ಬಯಲಿನಲ್ಲಿ ಸೋರಿದರೆ ಮೇಲಕ್ಕೆ ಹಾರಿ ಬೇಗ ಚದುರುವುದು. ಮುಚ್ಚಿದ ಕೋಣೆಯಲ್ಲಿ ಮಾತ್ರ ಮಾಳಿಗೆಯ ಕೆಳಗೆ ಕೂಡಿಕೊಳ್ಳುವುದು. ಆದುದರಿಂದ ಅಂಥ ನಳ ಬಂದರೆ ಕಂಪನಿಯವರನ್ನು ಕೇಳಬೇಕಾದದ್ದು ಇಷ್ಟು: ಯಾವ ಕಟ್ಟಳೆಯಂತೆ ಮಾಡಿದ್ದೀರಿ, ಉಕ್ಕಿನ ಜಾತಿ ಯಾವುದು, ಬೆಸುಗೆಗಳ ಗಡುಸುತನದ ದಾಖಲೆ ಎಲ್ಲಿದೆ, ಎಷ್ಟು ಆಳದಲ್ಲಿ ಹೂಳುವಿರಿ, ಸೋರಿದರೆ ಯಾವ ಊರಿನ ಯಾವ ಕವಾಟವನ್ನು ಯಾರು ಎಷ್ಟು ಹೊತ್ತಿನಲ್ಲಿ ಮುಚ್ಚುವರು. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಆ ಗುರುತಿನ ಕಲ್ಲುಗಳ ನಡುವೆ ಬಾವಿ ತೋಡುವುದನ್ನೂ ಜೆ.ಸಿ.ಬಿ. ಆಡಿಸುವುದನ್ನೂ ಕೇಳದೆ ಮಾಡಕೂಡದು.